ಕಲಿಯುವವರು ಎಳೆಯರು, ಕೇಳುವವರು ಹಿರಿಯರು: ಸಂಗೀತ ಕಛೇರಿಗಳ ಒಗಟು

ರಾಮನವಮಿ ಬಂತೆಂದರೆ ಬೆಂಗಳೂರು, ಮೈಸೂರಿನಲ್ಲಿ ಕಛೇರಿಗಳ ಸುಗ್ಗಿ. ಆ ದಿನಗಳಲ್ಲಿ ಎರಡು ಬಗೆಯ ಸುದ್ದಿ ಅಕ್ಕಪಕ್ಕದಲ್ಲೇ ಓದಲು ಸಿಗುತ್ತವೆ. ಒಂದು, ಇಪ್ಪತ್ತು ದಾಟದ ಹುಡುಗ ಹುಡುಗಿಯರೂ ವೇದಿಕೆ ಏರಿ ಗಟ್ಟಿಯಾಗಿ ಹಾಡುತ್ತಿದ್ದಾರೆ, ಶಾಸ್ತ್ರೀಯ ಸಂಗೀತಕ್ಕೆ ಒಳ್ಳೆಯ ಕಾಲ ಬಂದಿದೆ ಎನ್ನುವುದು. ಇನ್ನೊಂದು, ಕುರ್ಚಿಯಲ್ಲಿ ಕೂತವರ ತಲೆಯೆಲ್ಲ ಬೆಳ್ಳಗಾಗಿದೆ, ಇನ್ನು ಹದಿನೈದು ವರ್ಷಕ್ಕೆ ಕೇಳುವವರೇ ಇರಲ್ಲ ಎನ್ನುವುದು. ಓದುವವರಿಗೆ ಗೊಂದಲ ಆಗದೇ ಇರುತ್ತದೆಯೇ? ಹಾಡುವವರು ಹೆಚ್ಚುತ್ತಿದ್ದರೆ ಕೇಳುವವರು ಏಕೆ ಮುದುಕರಾಗುತ್ತಿದ್ದಾರೆ?

ಸಮಸ್ಯೆ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ 1982ರಲ್ಲಿ ವರ್ಷಕ್ಕೆ ಒಮ್ಮೆಯಾದರೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗೆ ಹೋದವರು ವಯಸ್ಕರಲ್ಲಿ ಶೇ 13ರಷ್ಟಿದ್ದರು. 2022ರಲ್ಲಿ ಅದು ಶೇ 4.6ಕ್ಕೆ ಇಳಿಯಿತು. ಅಲ್ಲೂ ಕೇಳುಗರ ವಯಸ್ಸು ಏರುತ್ತಾ ಬಂದಿದೆ.

ಏಕೆ ಹೀಗೆ ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: ಈಗಿನ ಮಕ್ಕಳಿಗೆ ಮೊಬೈಲು, ರೀಲ್ಸು ಬಿಟ್ಟರೆ ಬೇರೆ ಬೇಡ. ಆದರೆ ಇದು ಹೊಂದುವುದಿಲ್ಲ. ಆರು ವರ್ಷದಿಂದ ಹದಿನಾರರವರೆಗೆ ಅದೇ ಮಕ್ಕಳು ವಾರಕ್ಕೆ ಎರಡು ದಿನ ಪಾಠಕ್ಕೆ ಹೋಗಿ ಶ್ರುತಿಪೆಟ್ಟಿಗೆಯ ಮುಂದೆ ಕೂರುತ್ತಿದ್ದಾರಲ್ಲ?

ಒಂದು ಸಂಜೆಯ ನೋಟ ಸಾಲದು

ಒಂದು ಸಂಜೆ ಸಭಾಂಗಣದಲ್ಲಿ ಕೂತ ಬಹುಪಾಲು ಜನ ಅರವತ್ತು ದಾಟಿದವರು ಅಂತಿಟ್ಟುಕೊಳ್ಳಿ. ಈ ಒಂದೇ ನೋಟಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು.

ಮೊದಲನೆಯದು ವಯಸ್ಸು. ಕಛೇರಿಗೆ ಹೋಗುವುದು ಬಿಡುವಾದ ಮೇಲೆ ಮಾಡುವ ಕೆಲಸ ಎಂದಾದರೆ ಇಂದೂ ಹಿರಿಯರೇ ಇರುತ್ತಾರೆ, ಮುಂದೆಯೂ ಅಷ್ಟೇ. ಆಗ ಚಿಂತೆ ಬೇಡ. ಎರಡನೆಯದು ತಲೆಮಾರು. ಒಂದು ಕಾಲದಲ್ಲಿ ಬೆಳೆದವರಿಗೆ ಮಾತ್ರ ಈ ರುಚಿ ಹತ್ತಿದ್ದು, ಅವರೇ ಮೂವತ್ತರಲ್ಲೂ ಬರುತ್ತಿದ್ದರು, ಎಪ್ಪತ್ತರಲ್ಲೂ ಬರುತ್ತಿದ್ದಾರೆ ಎಂದಾದರೆ ಅವರೊಂದಿಗೆ ಸಭಾಂಗಣವೂ ಬರಿದಾಗುತ್ತದೆ. ಮೂರನೆಯದು ಕಾಲ. ಟ್ರಾಫಿಕ್ಕು, ಕೋವಿಡ್, ಮನೆಯಲ್ಲೇ ಸಿಗುವ ಯೂಟ್ಯೂಬ್‌ನಂಥವು ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಡೆಯುತ್ತವೆ.

ಇವುಗಳಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸಲು ಒಂದೇ ಪ್ರಶ್ನೆಯನ್ನು ಹಲವು ದಶಕ ಬಿಡದೆ ಕೇಳುತ್ತಾ ಹೋಗಬೇಕು. ಅಮೆರಿಕದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಸಂಸ್ಥೆ 1982ರಿಂದ ಅದನ್ನೇ ಮಾಡುತ್ತಾ ಬಂದಿದೆ. ನಮ್ಮಲ್ಲಿ ಅಂಥ ಉದ್ದನೆಯ ಲೆಕ್ಕ ಇಲ್ಲದ್ದರಿಂದ ಅವರದನ್ನೇ ಸ್ವಲ್ಪ ಗಮನವಿಟ್ಟು ನೋಡಬೇಕಾಗುತ್ತದೆ.

ಜಾಸ್ ಸಂಗೀತ ಹೇಳುವ ಕಥೆ

ಕೇಳುಗರನ್ನೆಲ್ಲ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿ ಮಧ್ಯದಲ್ಲಿ ನಿಲ್ಲುವವರ ವಯಸ್ಸು ಎಷ್ಟು? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಟ್ಟಿಗೆ ಅದು 1982ರಲ್ಲಿ 40 ಇತ್ತು. 2008ರಲ್ಲಿ 49 ಆಯಿತು. ಇದೇ ಅವಧಿಯಲ್ಲಿ ಅಮೆರಿಕದ ವಯಸ್ಕರ ಸಾಲಿನ ಮಧ್ಯದವರ ವಯಸ್ಸೂ 39ರಿಂದ 45ಕ್ಕೆ ಏರಿತು. ಅಂದರೆ ಒಂಬತ್ತು ವರ್ಷದ ಏರಿಕೆಯಲ್ಲಿ ಆರು ವರ್ಷ ಇಡೀ ದೇಶಕ್ಕೇ ವಯಸ್ಸಾದದ್ದು. ಇಷ್ಟೇ ನೋಡಿದರೆ ಗಾಬರಿಗೆ ಕಾರಣ ಕಾಣುವುದಿಲ್ಲ.

ಈಗ ಅಮೆರಿಕದ್ದೇ ಆದ ಇನ್ನೊಂದು ಸಂಗೀತ, ಜಾಸ್ ನೋಡಿ. 1982ರಲ್ಲಿ ಅದರ ಕೇಳುಗರ ಸಾಲಿನ ಮಧ್ಯದವರಿಗೆ 29 ವರ್ಷ. 2008ರಲ್ಲಿ 46. ಇಪ್ಪತ್ತಾರು ವರ್ಷದಲ್ಲಿ ಹದಿನೇಳು ವರ್ಷ ಜಾಸ್ತಿ. ಹಳೆಯ ಕೇಳುಗರೇ ವಯಸ್ಸಾಗುತ್ತಾ ಮುಂದೆ ಬಂದರು, ಹಿಂದಿನಿಂದ ಹೊಸಬರು ಸಾಕಷ್ಟು ಸೇರಿಕೊಳ್ಳಲಿಲ್ಲ. ತಲೆಮಾರಿನ ಕಾರಣ ಕೆಲಸ ಮಾಡುವುದು ಹೀಗೆ. ಯುವಕರ ಸಂಗೀತವಾಗಿದ್ದದ್ದು ಯಾರೂ ಬಾಗಿಲು ಹಾಕದೆಯೇ ನಡುವಯಸ್ಸಿನವರ ಸಂಗೀತವಾಯಿತು.

ಇನ್ನೊಂದು ಸಂಗತಿ ಇನ್ನೂ ಮುಖ್ಯ. ವಯಸ್ಸಾದ ಮೇಲೆ ಜನ ತಾವಾಗಿಯೇ ಬರುತ್ತಾರೆ ಎನ್ನುವುದು ನಿಜವಾಗಿದ್ದರೆ, ದೇಶದಲ್ಲಿ ಹಿರಿಯರು ಹೆಚ್ಚಿದ ಹಾಗೆ ಕೇಳುಗರೂ ಹೆಚ್ಚಬೇಕಿತ್ತು. ಆದದ್ದು ಉಲ್ಟಾ. ಶೇ 13 ಇದ್ದದ್ದು 2008ರಲ್ಲಿ ಶೇ 9.3, 2017ರಲ್ಲಿ ಶೇ 8.6. 2022ರ ಕುಸಿತದಲ್ಲಿ ಕೋವಿಡ್‌ನ ಪಾಲು ದೊಡ್ಡದು, ಆದರೆ ಇಳಿಜಾರು ಅದಕ್ಕೂ ಮೊದಲೇ ಶುರುವಾಗಿತ್ತು. 2008ರ ಸಮೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಸರಿದವರು ಯಾರು ಗೊತ್ತೇ? ಕಲೆಗಳಿಗೆ ಅಲ್ಲಿಯವರೆಗೆ ಆಸರೆಯಾಗಿದ್ದ 45ರಿಂದ 54ರ ವಯಸ್ಸಿನವರು.

ರಿಟೈರ್ ಆದ ಮೇಲೆ ಬಂದೇ ಬರುತ್ತಾರಾ?

ಕಛೇರಿ ಏರ್ಪಡಿಸುವ ನಮ್ಮ ಸಂಘಗಳಲ್ಲಿ, ಅಂದರೆ ಸಭಾಗಳಲ್ಲಿ, ಹೆಚ್ಚು ಕೇಳುವ ಸಮಾಧಾನದ ಮಾತು ಇದು. ಈಗ ಕೆಲಸ, ಮಕ್ಕಳು, ಸಾಲದ ಕಂತು. ರಿಟೈರ್ ಆಗಲಿ, ಬಂದೇ ಬರ್ತಾರೆ ಬಿಡಿ.

ಇದರಲ್ಲಿ ಸ್ವಲ್ಪ ನಿಜ ಇದೆ. ಐವತ್ತರ ದಶಕದ ಭಾರತದಲ್ಲಿ ಹುಟ್ಟಿದಾಗಿನ ಸರಾಸರಿ ಆಯಸ್ಸು ನಲವತ್ತರ ಆಸುಪಾಸು ಇತ್ತು. ಈಗ ಎಪ್ಪತ್ತರ ಹತ್ತಿರ. ನಿವೃತ್ತಿಯ ನಂತರವೂ ಇಪ್ಪತ್ತು ವರ್ಷ ಗಟ್ಟಿಮುಟ್ಟಾಗಿ ಓಡಾಡಿಕೊಂಡು, ಪೆನ್ಷನ್ನಿನಲ್ಲಿ ಆಟೊ ಹಿಡಿದು ಕಛೇರಿಗೆ ಬರುವ ಹಿರಿಯರು ಹಿಂದೆ ಇಷ್ಟು ಇರಲಿಲ್ಲ. ಅವರು ಮುಂದಿನ ಸಾಲಿನಲ್ಲಿ ತೊಡೆ ಮೇಲೆ ತಾಳ ಹಾಕುತ್ತಾ, ಪುಟ್ಟ ಪುಸ್ತಕದಲ್ಲಿ ರಾಗದ ಹೆಸರು ಬರೆದುಕೊಳ್ಳುತ್ತಾ ಕೂರುವುದು ಕಲಾವಿದರಿಗೆ ಎಷ್ಟು ದೊಡ್ಡ ಬಲ! ನರೆಗೂದಲು ಕಂಡ ಕೂಡಲೇ ಅಯ್ಯೋ ಅನ್ನುವುದು ಅವರಿಗೆ ಮಾಡುವ ಅನ್ಯಾಯ.

ಆದರೆ ಈ ಹಿರಿಯರು ಅರವತ್ತಕ್ಕೆ ಬಂದು ಮೊದಲ ಸಲ ಸಂಗೀತ ಕೇಳಿದವರಲ್ಲ. ಇಂದು ಎಪ್ಪತ್ತೈದು ದಾಟಿದವರ ಬಾಲ್ಯ ನೆನೆಸಿಕೊಳ್ಳಿ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಿತ್ತು. ಐವತ್ತರ ದಶಕದಲ್ಲಿ ಕೇಂದ್ರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಸರ್ಕಾರಿ ರೇಡಿಯೊದಿಂದ ಹೆಚ್ಚುಕಡಿಮೆ ಹೊರಗೇ ಇಟ್ಟರು. ಜನ ಸಿಲೋನ್ ರೇಡಿಯೊಗೆ ತಿರುಗಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಬಂತು. ಅವರ ನೀತಿ ಸರಿಯೋ ತಪ್ಪೋ, ಅದರ ಪರಿಣಾಮ ಮಾತ್ರ ಸ್ಪಷ್ಟ. ಮನೆಗೆ ಒಂದೇ ರೇಡಿಯೊ, ಗುಂಡಿ ತಿರುಗಿಸುವ ಹಕ್ಕು ಅಪ್ಪನದ್ದು ಅಥವಾ ತಾತನದ್ದು. ಹಾಲು ಕಾಯಿಸುವಾಗ, ಲೆಕ್ಕ ಬರೆಯುವಾಗ, ಜಡೆ ಹೆಣೆಯುವಾಗ ಕಲ್ಯಾಣಿ, ತೋಡಿ ಸುಮ್ನೆ ಕಿವಿಗೆ ಬೀಳುತ್ತಿದ್ದವು. ಯಾರೂ ಕಲಿಸದೆಯೇ ಕಿವಿ ತಯಾರಾಯಿತು.

ಈ ಕಿವಿ ಇದ್ದವರು ನಡುವೆ ಇಪ್ಪತ್ತು ವರ್ಷ ಕಛೇರಿ ಬಿಟ್ಟರೂ ಅರವತ್ತಕ್ಕೆ ಮರಳಿ ಬರುತ್ತಾರೆ. ಇಂದಿನ ನಲವತ್ತರವರಿಗೆ ಕೈಗೊಂದು ಫೋನು, ಕಿವಿಗೊಂದು ಇಯರ್‌ಫೋನು. ಯಾರ ಆಯ್ಕೆಯೂ ಇನ್ನೊಬ್ಬರ ಕಿವಿಗೆ ತಾನಾಗಿ ಬೀಳುವುದಿಲ್ಲ. ಮರಳಿ ಬರಬೇಕಾದರೆ ಮೊದಲು ಒಮ್ಮೆ ಬಂದಿರಬೇಕು, ಅಲ್ವಾ?

ಪಾಠದಿಂದ ಕಛೇರಿಗೆ ಇದ್ದ ದಾರಿ

ಒಗಟಿನ ತಿರುಳು ಇಲ್ಲಿದೆ ಎನ್ನುವುದು ಈ ಲೇಖಕರ ಅನಿಸಿಕೆ.

ಮಗು ಆರು, ಏಳನೇ ವಯಸ್ಸಿಗೆ ಪಾಠಕ್ಕೆ ಸೇರುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ. ಆಮೇಲೆ ಜಂಟಿ ವರಸೆ, ಅಲಂಕಾರ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ನಾವು ಹೇಳಿಕೊಳ್ಳುವುದು ಇದನ್ನೇ. ಮಲಹರಿ ರಾಗದ ಗೀತೆಗಳು ಮುಗಿದು ವರ್ಣಕ್ಕೆ ಬರುವಾಗ ಮೂರ್ನಾಲ್ಕು ವರ್ಷ ಆಗಿರುತ್ತದೆ. ಜೂನಿಯರ್ ಪರೀಕ್ಷೆ ಕಟ್ಟಿಸುತ್ತಾರೆ. ಪಾಸಾದರೆ ಮನೆಯಲ್ಲಿ ಸಂಭ್ರಮ. ಸೀನಿಯರ್‌ಗೆ ತಯಾರಿ ಶುರುವಾಗುವ ಹೊತ್ತಿಗೆ ಒಂಬತ್ತನೇ ಕ್ಲಾಸು. ಟ್ಯೂಷನ್, ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್. ಶ್ರುತಿಪೆಟ್ಟಿಗೆ ಬೀರುವಿನ ಮೇಲೆ ಹೋಗುತ್ತದೆ.

ಈ ಎಂಟು ಹತ್ತು ವರ್ಷದಲ್ಲಿ ಆ ಮಗು ಎಷ್ಟು ಕಛೇರಿಯನ್ನು ಪೂರ್ತಿ ಕೂತು ಕೇಳಿರುತ್ತದೆ? ಎಷ್ಟೋ ಮನೆಗಳಲ್ಲಿ ಉತ್ತರ ಎರಡೋ ಮೂರೋ. ಅದೂ ತನ್ನ ಟೀಚರ್ ಹಾಡಿದಾಗ, ಅಥವಾ ಶಿಷ್ಯರ ಗೋಷ್ಠಿ ಗಾಯನದಲ್ಲಿ ತಾನೇ ಹಾಡಿದಾಗ. ತನ್ನ ಸರದಿ ಮುಗಿದ ಕೂಡಲೇ ಅಪ್ಪ ಗಾಡಿ ತೆಗೆಯುತ್ತಾರೆ, ನಾಳೆ ಸ್ಕೂಲಿದೆ. ಹಿಂದೆ ಮೇಷ್ಟ್ರ ಜೊತೆ ತಂಬೂರಿ ಹೊತ್ತುಕೊಂಡು ಹೋಗುವ ಶಿಷ್ಯರು ವೇದಿಕೆಯ ಹಿಂದೆ ಕೂತು ಮೂರು ಗಂಟೆ ಕೇಳಲೇಬೇಕಿತ್ತು. ಕಲಿಕೆಯ ಅರ್ಧ ಅಲ್ಲೇ ಆಗುತ್ತಿತ್ತು. ಈಗ ಪಾಠ ಎಂದರೆ ವಾರಕ್ಕೆ ಎರಡು ತಾಸು, ಎಷ್ಟೋ ಮಕ್ಕಳಿಗೆ ಜೂಮ್‌ನಲ್ಲಿ.

ಪರಿಣಾಮ ಏನು? ಮಗುವಿಗೆ ಸಂಗೀತ ಅಂದರೆ ತಾನು ಮಾಡಿ ತೋರಿಸಬೇಕಾದ ಕೆಲಸ ಎಂದಾಯಿತು, ಕೂತು ಸವಿಯುವುದು ಎಂದಾಗಲಿಲ್ಲ. ಚೆನ್ನಾಗಿ ಬಂದವರು ವೇದಿಕೆಗೆ ಹೋಗುತ್ತಾರೆ. ಹಾಗಾಗಿ ಎಳೆಯ ಕಲಾವಿದರ ಸಾಲು ದೊಡ್ಡದಾಗಿದೆ. ಉಳಿದ ಬಹುಪಾಲು ಮಕ್ಕಳು ನನಗೆ ಬರಲಿಲ್ಲ ಎಂಬ ಸಣ್ಣ ಬೇಸರ ಹೊತ್ತು ಪೂರ್ತಿ ಹೊರಗೆ ಹೋಗುತ್ತಾರೆ. ಒಳ್ಳೆಯ ಕೇಳುಗರಾಗಬಹುದಾಗಿದ್ದವರು ಇವರೇ. ಐದು ವರ್ಷ ಕಲಿತ ಕಿವಿಗೆ ಮೋಹನ, ಹಿಂದೋಳ ರಾಗಗಳ ವ್ಯತ್ಯಾಸ ಗೊತ್ತಿರುತ್ತದೆ, ತಾಳ ತಪ್ಪಿದರೆ ತಿಳಿಯುತ್ತದೆ. ಅಂಥವರನ್ನು ಕಳೆದುಕೊಳ್ಳುವುದು ನಿಜಕ್ಕೂ ಹೊಟ್ಟೆ ಉರಿಯುವ ವಿಷಯ.

ಎರಡು ಸುದ್ದಿಗಳೂ ಒಟ್ಟಿಗೆ ನಿಜವಾಗಿರುವುದು ಹೀಗೆ. ಹಾಡುವವರನ್ನು ತಯಾರು ಮಾಡುವ ಏರ್ಪಾಡು ಜೋರಾಗಿದೆ. ಕೇಳುವವರನ್ನು ತಯಾರು ಮಾಡುತ್ತಿದ್ದ ಮನೆ, ರೇಡಿಯೊ, ಮೇಷ್ಟ್ರ ಹಿಂದಿನ ಓಡಾಟ ಸದ್ದಿಲ್ಲದೆ ಹೋಗಿವೆ.

ಆರೂವರೆಗೆ ಚಾಮರಾಜಪೇಟೆ ತಲುಪುವುದು ಹೇಗೆ?

ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಉತ್ಸವಕ್ಕೆ ಹೆಸರಾದ ಶ್ರೀರಾಮ ಸೇವಾ ಮಂಡಳಿ 1939ರದು. ಆಗಿನ ಕೇಳುಗರು ವಕೀಲರು, ಗುಮಾಸ್ತರು, ಶಾಲಾ ಮೇಷ್ಟ್ರುಗಳು. ಐದಕ್ಕೆ ಆಫೀಸು ಮುಗಿಸಿ, ಮನೆಯಲ್ಲಿ ಕಾಫಿ ಕುಡಿದು, ಹೆಂಡತಿ ಮಕ್ಕಳ ಜೊತೆ ನಡೆದೇ ಬರಬಹುದಾದ ದೂರ. ಟಿಕೆಟ್ ಇಲ್ಲದವರು ಪೆಂಡಾಲಿನ ಹೊರಗೆ ನಿಂತು ಕೇಳುತ್ತಿದ್ದರು.

ಕಛೇರಿ ಶುರುವಾಗುವ ಸಂಜೆಯ ಆ ಸಮಯ ಇನ್ನೂ ಹಾಗೇ ಇದೆ. ಊರು ಮಾತ್ರ ಹಾಗಿಲ್ಲ. ವೈಟ್‌ಫೀಲ್ಡ್, ಸರ್ಜಾಪುರದಲ್ಲಿ ದುಡಿಯುವವರಿಗೆ ಆರೂವರೆ ಎಂದರೆ ಇನ್ನೂ ಮೀಟಿಂಗ್ ನಡೆಯುವ ಹೊತ್ತು. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜಿಗೆ ಬಂತು. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಪೂರ್ತಿ ಆಯಿತು. ಇದು ದೊಡ್ಡ ಅನುಕೂಲ, ಆದರೂ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ತಲುಪಲು ಒಂದು ಗಂಟೆಯ ಮೇಲೆಯೇ ಬೇಕು. ತಡವಾಗಿ ಶುರು ಮಾಡೋಣ ಎಂದರೆ ರಾತ್ರಿ ಹತ್ತರ ನಂತರ ಪೆಂಡಾಲಿನಂಥ ತೆರೆದ ಜಾಗದ ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಿಂದ ನಿರ್ಬಂಧ.

ಮೂರು ಗಂಟೆಯ ಕಛೇರಿಯನ್ನು ಮುಟ್ಟಬಾರದು, ಅದು ಪರಂಪರೆ ಎನ್ನುವವರಿದ್ದಾರೆ. ಆದರೆ ವರ್ಣದಿಂದ ಶುರುವಾಗಿ, ಚಿಕ್ಕ ದೊಡ್ಡ ಕೃತಿಗಳನ್ನು ದಾಟಿ, ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಮುಗಿಸಿ, ತುಕಡಗಳೆಂಬ ಚಿಕ್ಕ ಹಗುರ ರಚನೆಗಳಿಗೆ ಬರುವ ಈಗಿನ ಅಳತೆಯೇ ಇಪ್ಪತ್ತನೇ ಶತಮಾನದ್ದು. ಅದಕ್ಕೆ ರೂಪ ಕೊಟ್ಟವರು ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಎಂದು ಹೆಚ್ಚಿನವರು ಒಪ್ಪುತ್ತಾರೆ. ಅದಕ್ಕೆ ಮೊದಲು ಕಛೇರಿಗಳು ಇನ್ನೂ ಉದ್ದ ಇರುತ್ತಿದ್ದವು. ಟಿಕೆಟ್ ಕೊಂಡು ಬರುವ ಪೇಟೆಯ ಹೊಸ ಕೇಳುಗರಿಗೆ ಹೊಂದುವ ಹಾಗೆ ಅವರು ಅದನ್ನು ಬಿಗಿ ಮಾಡಿದರು. ಕೇಳುಗರು ಬದಲಾದಾಗ ಕಛೇರಿ ಬದಲಾಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕರೆದದ್ದು ಯಾರನ್ನು?

ಕಹಿಯಾದರೂ ಕೇಳಲೇಬೇಕಾದ ಪ್ರಶ್ನೆ. ಸಭಾಗಳು ಹುಟ್ಟಿದ್ದು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಂಥ ಬಡಾವಣೆಗಳ ಸುತ್ತ. ಸದಸ್ಯರು, ದಾನಿಗಳು, ಕೇಳುಗರು ಹೆಚ್ಚಾಗಿ ಬ್ರಾಹ್ಮಣ ಕುಟುಂಬಗಳವರು. ಆ ಕುಟುಂಬಗಳ ಮಕ್ಕಳು ಓದಿ ಅಮೆರಿಕಕ್ಕೆ ಹೋದರು. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೆಯುತ್ತಿದೆ. ಅಲ್ಲಿ ಸ್ಪರ್ಧೆಗೆ ನಿಲ್ಲುವ ಮಕ್ಕಳನ್ನು ನೋಡಿದರೆ ನಮ್ಮ ಹಳೆಯ ಬಡಾವಣೆಗಳ ಮೊಮ್ಮಕ್ಕಳಲ್ಲಿ ಕೆಲವರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ಒಂದೇ ಸಮುದಾಯವನ್ನು ನೆಚ್ಚಿಕೊಂಡ ಸಭಾಗೆ ಆ ಸಮುದಾಯ ಊರು ಬಿಟ್ಟರೆ ಕುರ್ಚಿ ಖಾಲಿ.

ಗಾಯಕ ಟಿ.ಎಂ. ಕೃಷ್ಣ ಈ ಪ್ರಶ್ನೆಯನ್ನು ಜೋರಾಗಿ ಎತ್ತಿದವರು. 2015ರಲ್ಲಿ ಚೆನ್ನೈನ ಡಿಸೆಂಬರ್ ಸೀಸನ್‌ನಿಂದ, ಅಂದರೆ ಅಲ್ಲಿನ ವಾರ್ಷಿಕ ಕಛೇರಿಗಳ ಹಬ್ಬದಿಂದ, ಹೊರಬಂದರು. ಅದೇ ಹೊತ್ತಿನಲ್ಲಿ ಚೆನ್ನೈನ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಕೇರಿಯಲ್ಲಿ ಗೆಳೆಯರೊಂದಿಗೆ ಉತ್ಸವ ಶುರು ಮಾಡಿದರು. 2024ರಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಘೋಷಿಸಿದಾಗ ಕೆಲವು ಕಲಾವಿದರು ಅಕಾಡೆಮಿಯ ಕಾರ್ಯಕ್ರಮಗಳಿಂದಲೇ ಹಿಂದೆ ಸರಿದರು. ಎದುರು ವಾದ ಹೀಗಿದೆ: ಎಷ್ಟೋ ಕಛೇರಿಗಳಿಗೆ ಪ್ರವೇಶ ಉಚಿತ, ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಕಷ್ಟಪಟ್ಟು ರುಚಿ ಬೆಳೆಸಿಕೊಳ್ಳಬೇಕಾದ ಕಲೆ ಇದು. ಬಾಗಿಲು ತೆರೆದಿರುವುದು ನಿಜ. ಆದರೆ ತೆರೆದ ಬಾಗಿಲಿಗೂ ಬನ್ನಿ ಒಳಗೆ ಎಂದು ಕರೆಯುವುದಕ್ಕೂ ಬಹಳ ಅಂತರ ಇದೆ. ಬೇರೆಯವರ ಮನೆಗೆ ಬಂದ ಹಾಗೆ ಅನ್ನಿಸಿದರೆ ಯಾರೂ ಎರಡನೇ ಸಲ ಬರಲ್ಲ.

ಭಾಷೆಯದ್ದೂ ಇದೇ ಮಾತು. ಎರಡು ಗಂಟೆ ತೆಲುಗು, ಸಂಸ್ಕೃತ, ತಮಿಳು ಕೃತಿಗಳಾದ ಮೇಲೆ, ಅರ್ಧ ಜನ ಚಪ್ಪಲಿ ಹುಡುಕುವ ಹೊತ್ತಿಗೆ ದೇವರನಾಮ ಬರುತ್ತದೆ. ಹೊಸದಾಗಿ ಬಂದ ಕನ್ನಡಿಗರ ಕೈಗೆ ಸಿಗುವ ಎಳೆ ಅದೊಂದೇ. ಅದನ್ನು ಮೊದಲೇ ಕೊಡಬಾರದೇಕೆ?

ದುಡ್ಡು ಎಲ್ಲಿಂದ ಬರುತ್ತದೆ ನೋಡಿ

ಕೇಳುಗರು ಕಡಿಮೆಯಾದರೂ ಕಛೇರಿಗಳು ಏಕೆ ಕಡಿಮೆಯಾಗಿಲ್ಲ? ಖರ್ಚಿನ ದೊಡ್ಡ ಪಾಲು ಟಿಕೆಟ್‌ನಿಂದ ಬರುವುದಿಲ್ಲ. ದಾನಿಗಳು, ಸ್ಮರಣ ಸಂಚಿಕೆಯ ಜಾಹೀರಾತು, ತಂದೆ ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿಯ ಬಡ್ಡಿ ಇದನ್ನು ನಡೆಸುತ್ತಿವೆ. ದತ್ತಿ ಇಟ್ಟವರು ಊರಲ್ಲೇ ಇಲ್ಲದಿದ್ದರೂ ಕಛೇರಿ ನಡೆಯುತ್ತದೆ. ಚೆನ್ನೈ ಸೀಸನ್‌ನಲ್ಲಿ ಹಾಡುವವರೇ ದುಡ್ಡು ಕೊಟ್ಟು ವೇದಿಕೆ ಪಡೆಯಬೇಕಾಗುತ್ತದೆ ಎಂಬ ದೂರೂ ಹಳೆಯದು. ಕೇಳುಗರು ಇಲ್ಲದಿದ್ದರೂ ನಡೆಯುವ ವ್ಯವಸ್ಥೆಗೆ ಕೇಳುಗರನ್ನು ಹುಡುಕುವ ಅವಸರ ಇರುವುದಿಲ್ಲ.

ಇದು ಬಹಳ ದಿನ ನಡೆಯದು. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ಕಾರಣ ವಿವರಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಜನ ಹೆಚ್ಚು ಸರಕು ತಯಾರಿಸುತ್ತಾರೆ. ನಾಲ್ಕು ಜನ ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷ ಕಳೆದರೂ ನಾಲ್ಕೇ ಜನ ಬೇಕು, ಅಷ್ಟೇ ಹೊತ್ತು ಬೇಕು. ಆದರೆ ಅವರ ಸಂಬಳ ಮಾತ್ರ ಊರಿನ ಬೆಲೆಯ ಜೊತೆ ಏರಲೇಬೇಕು. ನಮ್ಮಲ್ಲೂ ಅಷ್ಟೇ. ಗಾಯಕರು, ಪಿಟೀಲು, ಮೃದಂಗ, ಘಟ, ತಂಬೂರಿ, ಯಾರನ್ನೂ ಬಿಡುವ ಹಾಗಿಲ್ಲ. ಸಭಾಂಗಣದ ಬಾಡಿಗೆ ಏರುತ್ತದೆ, ದತ್ತಿಯ ಬಡ್ಡಿ ಏರುವುದಿಲ್ಲ. ಮೊದಲ ಪೆಟ್ಟು ಬೀಳುವುದು ಪಕ್ಕವಾದ್ಯದವರ ಸಂಭಾವನೆಗೆ. ಆಮೇಲೆ ಚಿಕ್ಕ ಊರಿನ ಸಭಾಗಳಿಗೆ. ದೊಡ್ಡ ಹೆಸರಿನ ಗಾಯಕರಿಗೆ ವಿದೇಶ ಪ್ರವಾಸ ಇದೆ, ಯೂಟ್ಯೂಬ್ ಇದೆ. ಘಟ ನುಡಿಸುವ ಯುವಕನಿಗೆ ಏನಿದೆ?

ಫಲ ಕೊಟ್ಟ ಒಂದೆರಡು ದಾರಿ

ಐಐಟಿ ದೆಹಲಿಯಲ್ಲಿ ಕಿರಣ್ ಸೇಠ್ 1977ರಲ್ಲಿ ಶುರುಮಾಡಿದ ಸ್ಪಿಕ್ ಮೆಕೆ ಸಂಸ್ಥೆ ಕಲಾವಿದರನ್ನೇ ಕಾಲೇಜುಗಳಿಗೆ ಕರೆದೊಯ್ಯಿತು. ಜಮಖಾನ ಹಾಸಿ, ಟಿಕೆಟ್ ಇಲ್ಲದೆ, ಕೈಗೆಟಕುವ ದೂರದಲ್ಲಿ ದೊಡ್ಡ ದೊಡ್ಡ ವಿದ್ವಾಂಸರು. ಅಮೆರಿಕದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ 2011ರಿಂದ, ಟಿಕೆಟ್ ಕೊಂಡ ದೊಡ್ಡವರ ಜೊತೆ ಬರುವ 18ರೊಳಗಿನ ಮಕ್ಕಳನ್ನು ಉಚಿತವಾಗಿ ಬಿಡುತ್ತಿದೆ. ತ್ಯಾಗರಾಜ ಆರಾಧನೆ ನಡೆಯುವ ಅದೇ ಊರು. ಈ ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ: ಮಗುವಿಗೆ ಉಚಿತ, ಆದರೆ ಜೊತೆಗೆ ದೊಡ್ಡವರೊಬ್ಬರು ಕೂರಬೇಕು. ರೇಡಿಯೊ ಕಾಲದಲ್ಲಿ ಮನೆ ಮಾಡುತ್ತಿದ್ದ ಕೆಲಸವನ್ನು ಹೀಗೆ ಇನ್ನೊಂದು ದಾರಿಯಲ್ಲಿ ಮಾಡಿಸಿದ ಹಾಗಾಯಿತು.

ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವ ಇದಕ್ಕೆ ನಮ್ಮದೇ ಉದಾಹರಣೆ. ಬಡಾವಣೆಯ ರಸ್ತೆಗೇ ಚಪ್ಪರ ಹಾಕಿ ಕಛೇರಿ ನಡೆಸುವುದರಿಂದ ಹೆಸರಾದದ್ದು ಅದು. ಕೇಳಲೆಂದೇ ಹೊರಟವರು ಮಾತ್ರವಲ್ಲ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರೂ ನಿಲ್ಲಬಹುದು.

ರಾಗ ಹತ್ತು ನಿಮಿಷಕ್ಕೆ ಇಳಿಸುವುದು, ಗಿಟಾರ್, ಡ್ರಮ್ಸ್ ಸೇರಿಸುವುದು ಬೇರೆ ದಾರಿ. ಫ್ಯೂಷನ್‌ಗೆ ಅದರದೇ ಅಭಿಮಾನಿಗಳಿದ್ದಾರೆ, ತಪ್ಪಿಲ್ಲ. ಆದರೆ ಅಲ್ಲಿಗೆ ಬಂದವರು ಮುಂದಿನ ವಾರ ತೋಡಿಯ ಆಲಾಪನೆಗೆ ಬರುತ್ತಾರೆ ಎಂದು ನಂಬಿ ದುಡ್ಡು ಸುರಿಯುವ ಮೊದಲು, ಹಾಗೆ ಬಂದವರು ಇದ್ದಾರೆಯೇ ಎಂದು ನೋಡಬೇಕು.

ಬಾಗಿಲಲ್ಲಿ ನಾಲ್ಕು ಪ್ರಶ್ನೆ

ನೋಡುವುದು ಕಷ್ಟವೇನಲ್ಲ. ಕಾರ್ಯಕ್ರಮದ ಚೀಟಿ ಕೊಡುವಾಗಲೇ ಒಂದು ಸಣ್ಣ ಕಾಗದ, ಪೆನ್ಸಿಲು ಕೊಡಬಹುದು. ಹುಟ್ಟಿದ ವರ್ಷ ಯಾವುದು? ಮೊದಲ ಕಛೇರಿ ಕೇಳಿದ್ದು ಎಷ್ಟನೇ ವಯಸ್ಸಿನಲ್ಲಿ? ಆಗ ಕರೆದುಕೊಂಡು ಹೋದವರು ಯಾರು? ಸಂಗೀತ ಕಲಿತಿದ್ದರೆ ಎಷ್ಟು ವರ್ಷ? ಹೆಸರು, ಫೋನ್ ನಂಬರ್ ಬೇಡವೇ ಬೇಡ. ಪ್ರತಿ ವರ್ಷ ಇದೇ ನಾಲ್ಕು ಪ್ರಶ್ನೆ, ಪದ ಬದಲಾಯಿಸದೆ. ಹುಟ್ಟಿದ ವರ್ಷವೇ ಬೇಕು, ವಯಸ್ಸಲ್ಲ. 1950ರಲ್ಲಿ ಹುಟ್ಟಿದವರು ಪ್ರತಿ ವರ್ಷ ಎಷ್ಟು ಕಡಿಮೆಯಾದರು, 1985ರಲ್ಲಿ ಹುಟ್ಟಿದವರು ಎಷ್ಟು ಹೆಚ್ಚಾದರು ಎಂದು ಆಗ ಕಾಣುತ್ತದೆ. ಕಾಯುತ್ತಾ ಕೂತರೆ ಬರುತ್ತಾರೋ ಇಲ್ಲವೋ ಎಂಬ ಜಗಳ ಐದಾರು ವರ್ಷದಲ್ಲಿ ತೀರುತ್ತದೆ.

ಮೂರನೇ ಪ್ರಶ್ನೆಯ ಉತ್ತರಕ್ಕೆ ಅಷ್ಟು ದಿನವೂ ಬೇಡ. ಮೂವತ್ತು ನಲವತ್ತರವರು ಅಮ್ಮ, ತಾತ, ಪಾಠದ ಮೇಷ್ಟ್ರು ಎಂದು ಬರೆದರೆ ಸಭಾಗಳು ದುಡ್ಡು ಹಾಕಬೇಕಾದದ್ದು ಮಕ್ಕಳ ಕುರ್ಚಿಗೆ, ಸಂಗೀತ ಶಾಲೆಗಳಿಂದ ಕಛೇರಿಗೆ ಬರುವ ವ್ಯಾನಿಗೆ. ಯಾರೂ ಇಲ್ಲ, ಯೂಟ್ಯೂಬ್‌ನಲ್ಲಿ ಕೇಳಿ ಒಬ್ಬಳೇ ಬಂದೆ ಎಂದು ಬರೆದವರು ಜಾಸ್ತಿ ಇದ್ದರೆ ಕೆಲಸ ಬೇರೆ. ಆಗ ಬಾಗಿಲಲ್ಲಿ ಅವರನ್ನು ಮಾತಾಡಿಸಿ, ಒಳಗೆ ಕೂರಿಸಿ, ಇವತ್ತು ಯಾವ ರಾಗ ಬರುತ್ತದೆ ಎಂದು ಹೇಳುವ ಒಬ್ಬ ಮನುಷ್ಯ ಬೇಕು.